ಡೀನ್ ಸ್ಟಾಂಟನ್ ಮತ್ತು ಹ್ಯಾರಿ ಡೀನ್ ಸ್ಟಾಂಟನ್ ಒಬ್ಬರೇನಾ?

ಇಬ್ಬರೂ ಒಬ್ಬರೇನಾ, ಅವರ ಸಿನಿಮಾಗಳನ್ನು ಎಲ್ಲಿಂದ ನೋಡಲು ಶುರು ಮಾಡಲಿ ಎಂದು ಕೇಳಿದ್ದೀರಿ. ಹೌದು, ಎರಡೂ ಒಬ್ಬರೇ ಅಮೆರಿಕನ್ ನಟನ ಹೆಸರು. 'ಕೂಲ್ ಹ್ಯಾಂಡ್ ಲ್ಯೂಕ್' (1967) ಟೈಟಲ್‌ನಲ್ಲಿ ನೀವು ನೋಡಿದ ಡೀನ್ ಸ್ಟಾಂಟನ್ ಇವರೇ. ಆಗ ಹ್ಯಾರಿ ಸ್ಟಾಂಟನ್ ಎಂಬ ಇನ್ನೊಬ್ಬ ನಟ ಇದ್ದುದರಿಂದ ಗೊಂದಲ ಬೇಡವೆಂದು 'ಹ್ಯಾರಿ' ಬಿಟ್ಟಿದ್ದರು. 1970ರ 'ಕೆಲ್ಲೀಸ್ ಹೀರೋಸ್'ನಲ್ಲೂ ಅದೇ ಹೆಸರು. ಹಾಗಾಗಿ 50-60ರ ದಶಕದ ಟಿವಿ ವೆಸ್ಟರ್ನ್‌ಗಳಲ್ಲಿ (ಕೌಬಾಯ್ ಕಥೆಗಳ ಧಾರಾವಾಹಿಗಳಲ್ಲಿ) ಅವರನ್ನು ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ, ಇಲ್ಲದಿದ್ದರೆ ಅರ್ಧ ಕೆಲಸ ಕೈತಪ್ಪುತ್ತದೆ.

ಹುಟ್ಟಿದ್ದು 1926ರಲ್ಲಿ, ಕೆಂಟಕಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಹಡಗಿನಲ್ಲಿ ಅಡುಗೆಯವರು, ಒಕಿನಾವಾ ಕದನವನ್ನೂ ಕಂಡವರು. ಆಮೇಲೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಪ್ಲೇಹೌಸ್ ಎಂಬ ರಂಗಮಂದಿರದಲ್ಲಿ ನಟನೆಯ ತರಬೇತಿ.

ಇನ್ನು ಎಲ್ಲಿಂದ ಶುರು ಮಾಡಬೇಕೆಂಬ ಪ್ರಶ್ನೆ. ಮೊದಲು 'ಏಲಿಯನ್' (1979) ನೋಡಿ, ಅದರಲ್ಲಿ ಮೆಕ್ಯಾನಿಕ್ ಬ್ರೆಟ್ ಇವರು. ನಂತರ 'ಪ್ಯಾರಿಸ್, ಟೆಕ್ಸಸ್' (1984). ಐವತ್ತೇಳು-ಐವತ್ತೆಂಟರ ವಯಸ್ಸಿಗೆ ಸಿಕ್ಕ ದೊಡ್ಡ ನಾಯಕ ಪಾತ್ರ ಅದು. ಶುರುವಿನ ಸುಮಾರು 25 ನಿಮಿಷ ಬಾಯೇ ಬಿಡುವುದಿಲ್ಲ. ಬೇಸರವಾಯಿತೆಂದು ಮುಂದಕ್ಕೆ ಓಡಿಸಬೇಡಿ, ಆ ಮೌನ ಇಲ್ಲದೆ ಕೊನೆಯ ಗಾಜಿನ ಕೋಣೆಯ ದೃಶ್ಯದ ದೀರ್ಘ ಮಾತು ತಟ್ಟುವುದಿಲ್ಲ. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಅದೇ.

'ಲಕ್ಕಿ' (2017) ಕೊನೆಗಿರಲಿ. ಅವರು ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್ 15ರಂದು, 91ರ ವಯಸ್ಸಿನಲ್ಲಿ.