‘ಹಾಸನ’ದಲ್ಲಿ ‘ನ’ ಹುಡುಕಿದರೆ 11 ಏಕೆ ಬರುತ್ತದೆ

ಸರ್, ಚಿಕ್ಕಮಗಳೂರಿನ ನಿಮ್ಮ ತೋಟದ ಮಳೆ ಲೆಕ್ಕ ಓದುವ ಸಿ ಪ್ರೋಗ್ರಾಂ ಕೆಲವು ಸಾಲುಗಳಿಗೆ ಬಂದಾಗ ‘ಸೆಗ್ಮೆಂಟೇಶನ್ ಫಾಲ್ಟ್’ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ಎಂದು ನಿಂತುಬಿಡುತ್ತದೆ, ‘ಹಾಸನ’ದಲ್ಲಿ ‘ನ’ ಎಲ್ಲಿದೆ ಎಂದರೆ 11 ಎನ್ನುತ್ತದೆ ಎಂದು ಕೇಳಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಸುಲಭ. ನಿಮ್ಮ ಪ್ರೋಗ್ರಾಂ ಪ್ರತಿ ಸಾಲಿನ ಅಲ್ಪವಿರಾಮವನ್ನು ಹುಡುಕುವುದು ಸ್ಟ್ರ್‌ಸಿಎಚ್‌ಆರ್ (strchr) ಎಂಬ ಸಿ ಫಂಕ್ಷನ್‌ನಿಂದ; ಸ್ಟ್ರಿಂಗಿನಲ್ಲಿ, ಅಂದರೆ ಅಕ್ಷರಗಳ ಸರಣಿಯಲ್ಲಿ, ಒಂದು ಅಕ್ಷರ ಹುಡುಕುವುದು ಅದರ ಕೆಲಸ. ಸ್ಟ್ರ್‌ಸಿಎಚ್‌ಆರ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರ ಮೊದಲು ಸಿಕ್ಕ ಜಾಗದ ಪಾಯಿಂಟರನ್ನು, ಅಂದರೆ ಮೆಮೊರಿಯಲ್ಲಿನ ಅದರ ವಿಳಾಸವನ್ನು. ಸಿಗದಿದ್ದರೆ ನಲ್ (NULL), ಅಂದರೆ ಯಾವ ಜಾಗವನ್ನೂ ತೋರಿಸದ ಪಾಯಿಂಟರ್. ಮಳೆ ಬಾರದ ದಿನ ನೀವು ಬರಿಯ ತಾರೀಖು ಬರೆದಿದ್ದೀರಿ, ಅಲ್ಪವಿರಾಮವೇ ಇಲ್ಲ. ಅಲ್ಲಿ ಬಂದ ನಲ್‌ನಿಂದ ಮುಂದಕ್ಕೆ ಓದಲು ಹೋಗಿ ಪ್ರೋಗ್ರಾಂ ಬೀಳುತ್ತದೆ. ನಲ್ ಅಲ್ಲವೆಂದು ನೋಡಿಕೊಂಡೇ ಮುಂದುವರಿಯಿರಿ. ಎಷ್ಟನೆಯ ಜಾಗ ಎಂದು ಬೇಕಾದರೆ ಆ ಪಾಯಿಂಟರಿನಿಂದ ಸ್ಟ್ರಿಂಗಿನ ಆರಂಭವನ್ನು ಕಳೆಯಬೇಕು, ಎಣಿಕೆ 0ಯಿಂದ. ಸಾಲಿನ ಕೊನೆಯ ಅಲ್ಪವಿರಾಮಕ್ಕೆ ಸ್ಟ್ರ್‌ಆರ್‌ಸಿಎಚ್‌ಆರ್ (strrchr) ಇದೆ.

ಇನ್ನು 11ರ ವಿಷಯ. ಸಿ ಭಾಷೆಯಲ್ಲಿ ಚಾರ್ ಎಂದರೆ ಒಂದೇ ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಹಾಸನ’ದಲ್ಲಿ ಹ, ದೀರ್ಘದ ಚಿಹ್ನೆ, ಸ, ನ ಎಂದು ನಾಲ್ಕು ಸಂಕೇತಗಳು, ಒಟ್ಟು 12 ಬೈಟ್. ‘ನ’ ಶುರುವಾಗುವುದು 9ರಲ್ಲಿ. ಹದಿನಾರರ ಮೂಲದ (ಹೆಕ್ಸ್) ಅಂಕಿಗಳಲ್ಲಿ ಬರೆದರೆ ಅದರ ಬೈಟುಗಳು ಇ0, ಬಿ2, ಎ8. ಒಂಟಿ ಉದ್ಧರಣ ಚಿಹ್ನೆಯೊಳಗೆ ‘ನ’ ಬರೆದರೆ ಸಿ ಕಂಪೈಲರ್ ಜಿಸಿಸಿ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಸ್ಟ್ರ್‌ಸಿಎಚ್‌ಆರ್ ಕೈಗೆ ಹೋದಾಗ ಕೊನೆಯ ಬೈಟ್ ಎ8 ಮಾತ್ರ ಉಳಿಯುತ್ತದೆ, ಅದು ಇರುವುದು 11ರಲ್ಲಿ. ಆ ಎಚ್ಚರಿಕೆಯನ್ನು ದಯವಿಟ್ಟು ಕಡೆಗಣಿಸಬೇಡಿ.

ಏಕೆಂದರೆ ಕನ್ನಡದ ಅಂಕಿ ‘೨’ರ ಬೈಟುಗಳು ಇ0, ಬಿ3, ಎ8. ಕೊನೆಯದು ಅದೇ! ಮಳೆಯ ಇಂಚು, ಸೆಂಟ್ಸ್ (ಇಂಚಿನ ನೂರನೆಯ ಭಾಗ) ಲೆಕ್ಕವನ್ನು ಕನ್ನಡ ಅಂಕಿಯಲ್ಲಿ ಬರೆದಿಟ್ಟವರು ‘ನ’ ಹುಡುಕಿದರೆ ‘೨’ ಸಿಕ್ಕೀತು, ಗೊತ್ತೂ ಆಗುವುದಿಲ್ಲ. ನನಗೆ ಇದು ಪ್ರೋಗ್ರಾಂ ಬೀಳುವುದಕ್ಕಿಂತ ದೊಡ್ಡ ಅಪಾಯವೆನಿಸುತ್ತದೆ.

ಕನ್ನಡ ಅಕ್ಷರಕ್ಕೆ, ಇಡೀ ಸ್ಟ್ರಿಂಗನ್ನೇ ಹುಡುಕುವ ಸ್ಟ್ರ್‌ಸ್ಟ್ರ್ (strstr) ಬಳಸಿ, "ನ" ಎಂದು ಜೋಡಿ ಉದ್ಧರಣ ಚಿಹ್ನೆಯಲ್ಲಿ ಕೊಡಿ. ಮೂರೂ ಬೈಟ್ ಹೊಂದಿದರೆ ಮಾತ್ರ ಸಿಗುತ್ತದೆ, ಉತ್ತರ 9 ಬರುತ್ತದೆ. ಅಲ್ಪವಿರಾಮ ಒಂದೇ ಬೈಟಿನದು. ಕನ್ನಡ ಅಕ್ಷರಗಳ ಬೈಟುಗಳಲ್ಲಿ ಅದು ಎಂದೂ ಸೇರಿಕೊಳ್ಳುವುದಿಲ್ಲ. ಹಾಗಾಗಿ ಊರಿನ ಹೆಸರು ಕನ್ನಡದಲ್ಲಿದ್ದರೂ ಅಲ್ಪವಿರಾಮಕ್ಕೆ ಸ್ಟ್ರ್‌ಸಿಎಚ್‌ಆರ್ ಸಾಕು.

ಒಂದು ಮಿತಿ ಇದೆ: ‘ಸಕಲೇಶಪುರ’ದಲ್ಲಿ "ಲ" ಹುಡುಕಿದರೆ ಸ್ಟ್ರ್‌ಸ್ಟ್ರ್ ‘ಲೇ’ಯೊಳಗಿನ ‘ಲ’ವನ್ನು ಹಿಡಿಯುತ್ತದೆ. ಬರಿಯ ‘ಲ’ವೇ ಬೇಕೆಂದರೆ ಮುಂದಿನ ಮೂರು ಬೈಟ್ ಸ್ವರಚಿಹ್ನೆಯದೂ ಅಲ್ಲ, ಅರ್ಧಾಕ್ಷರದ ಚಿಹ್ನೆ ‘್’ನದೂ ಅಲ್ಲ ಎಂದು ನೋಡಬೇಕು, ಒತ್ತಕ್ಷರ ಬೇಡವಾದರೆ ಹಿಂದಿನ ಮೂರು ಬೈಟ್ ಕೂಡ ‘್’ನದಲ್ಲ ಎಂದು ನೋಡಬೇಕು. ಬದಲಾಯಿಸಿದ ಮೇಲೂ 11 ಬಂದರೆ ಆ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.