ನಿಮ್ಮ ಮುಳುಗಡೆ ಕಾದಂಬರಿ ಎಲ್ಲಿಗೆ ಬಂತು? ಓದುಗರ ಜೊತೆ ಇಷ್ಟು ಮಾತಾಡಿದರೆ ಬರೆಯೋದು ಯಾವಾಗ?

ನೀವು ಒಟ್ಟಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಹೊಸ ಕಾದಂಬರಿ ಎಷ್ಟಾಯಿತು, ಈಗ ಏನು ಓದುತ್ತಿದ್ದೇನೆ, ಫೋನ್ ಮಾಡುವ ಓದುಗರ ಮಾತೆಲ್ಲ ಕೇಳುತ್ತಾ ಕೂತರೆ ಪುಸ್ತಕ ಅವರದ್ದೇ ಆಗಿಬಿಡಲ್ವಾ ಅಂತ. ಕೊನೆಯ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಮೊದಲೆರಡನ್ನು ಹೇಳಿಯೇ ಅಲ್ಲಿಗೆ ಬರುತ್ತೇನೆ.

ಕಾದಂಬರಿ ನಡೆಯುವುದು ಬಾಗಲಕೋಟೆಯಲ್ಲಿ ಮತ್ತು ಘಟಪ್ರಭೆ ದಂಡೆಯ ಒಂದು ಹಳ್ಳಿಯಲ್ಲಿ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಹಿನ್ನೀರು ಊರ ಬಾಗಿಲಿಗೆ ಬರುವ ಹೊತ್ತಿಗೆ ಹೊಸ ಶತಮಾನ ಶುರುವಾಗಿತ್ತು. ಅಡಿಗಲ್ಲಿನ ವರ್ಷ ತೊಟ್ಟಿಲಲ್ಲಿದ್ದ ಹುಡುಗಿ ಮನೆ ಬಿಡುವಾಗ ದೊಡ್ಡ ಮಕ್ಕಳ ತಾಯಿ. ಊರು ಮುಳುಗುತ್ತದೆ ಅಂತ ಗೊತ್ತಿದ್ದೂ ಅಷ್ಟು ವರ್ಷ ಅದೇ ಮನೆಯಲ್ಲಿ ಬದುಕುವುದು ಇದೆಯಲ್ಲ, ಅದನ್ನು ಬರೆಯಬೇಕು ಅನ್ನಿಸಿತು. ಈ ವರ್ಷ ಗೋಡೆಗೆ ಸುಣ್ಣ ಹಚ್ಚಬೇಕೋ ಬೇಡವೋ? ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಿಸಬೇಕೋ ಬೇಡವೋ? ಮುಳುಗುವ ಊರಿಗೆ ಹೆಣ್ಣು ಕೊಡಬೇಕೋ ಬೇಡವೋ? ಇಂಥ ಲೆಕ್ಕಾಚಾರದಲ್ಲೇ ಒಂದು ತಲೆಮಾರು ಕಳೆದುಹೋಯಿತು.

ಮೂರು ಭಾಗಗಳಲ್ಲಿ ಎರಡು ಮುಗಿದಿವೆ. ಮೂರನೆಯದು ನವನಗರ, ಅಂದರೆ ಮುಳುಗಡೆಯಾದವರಿಗೆ ಅಂತ ಕಟ್ಟಿದ ಹೊಸ ಬಾಗಲಕೋಟೆ. ಇಲ್ಲಿ ಕೆಲಸ ನಿಧಾನವಾಗಿದೆ. ಬೆಳಗಿನ ಜಾವ ಕೈಯಲ್ಲಿ ಬರೆಯುತ್ತೇನೆ, ಮಧ್ಯಾಹ್ನ ಅದನ್ನೇ ಟೈಪ್ ಮಾಡುತ್ತೇನೆ. ಟೈಪ್ ಮಾಡುವಾಗ ಎಷ್ಟೋ ಸಾಲು ತಾವಾಗಿಯೇ ಉದುರಿಹೋಗುತ್ತವೆ. ಪ್ರಕಾಶಕರಿಗೆ ಇನ್ನೂ ದಿನಾಂಕ ಕೊಟ್ಟಿಲ್ಲ, ಅವರೂ ಒತ್ತಾಯ ಮಾಡಿಲ್ಲ. ನಿಧಾನ ಯಾಕೆ ಅಂದರೆ, ಹಳೇ ಊರಿನ ಪಾತ್ರಗಳು ಓಣಿಯಲ್ಲಿ ಕಾಲಿಟ್ಟ ಕೂಡಲೇ ಮಾತು ಶುರು ಮಾಡುತ್ತವೆ. ಕಟ್ಟೆ ಇದೆ, ಎದುರು ಮನೆ ಇದೆ, ಸಂಬಂಧ ಇದೆ. ಅದೇ ಜನರನ್ನು ಸೆಕ್ಟರ್ ನಂಬರಿನ ಅಗಲ ರಸ್ತೆಗೆ ತಂದು ನಿಲ್ಲಿಸಿದರೆ ಸುಮ್ಮನಾಗಿಬಿಡುತ್ತಾರೆ. ಆ ಸುಮ್ಮನಿರುವಿಕೆಯನ್ನೂ ಕತೆಯಾಗಿಸಬೇಕು. ಕಷ್ಟ ಇರುವುದು ಅಲ್ಲೇ.

ಓದಿನ ವಿಷಯ. ಬರೆಯುತ್ತಿರುವಾಗ ನಾನು ಬೇರೆಯವರ ಕಾದಂಬರಿ ಓದುವುದು ಕಡಿಮೆ. ಮಲೆನಾಡಿನ ಮುಳುಗಡೆ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಕಾದಂಬರಿಗಳಿವೆ. ಅವನ್ನು ಹಿಂದೆಯೇ ಓದಿದ್ದೇನೆ, ಈಗ ಮತ್ತೆ ತೆಗೆಯುತ್ತಿಲ್ಲ. ಅಲ್ಲಿಯ ಮಳೆ, ಕಾಡು ನನ್ನ ಬಿಸಿಲೂರಿನೊಳಗೆ ಬಂದುಬಿಡುತ್ತವೆ ಅಂತ ಭಯ.

ಸದ್ಯ ನನ್ನ ಮೇಜಿನ ಮೇಲಿರುವುದು 1894ರ ಭೂಸ್ವಾಧೀನ ಕಾಯ್ದೆ, 2014ರಲ್ಲಿ ಹೊಸ ಕಾಯ್ದೆ ಜಾರಿಯಾಗುವವರೆಗೆ ನಡೆಯುತ್ತಿದ್ದದ್ದು. ನಗಬೇಡಿ, ನಿಜವಾಗಿಯೂ ಒಳ್ಳೆಯ ಓದು ಅದು. ಮುಳುಗಡೆ ಊರಿನ ಮುದುಕರು ಕಲಂ ನಂಬರುಗಳನ್ನು ನೆಂಟರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ನಾಲ್ಕು ಅಂದರೆ ಮೊದಲ ಅಧಿಸೂಚನೆ. ಹನ್ನೊಂದು ಅಂದರೆ ಪರಿಹಾರ ಎಷ್ಟು ಅಂತ ಅಧಿಕಾರಿ ಕೊಡುವ ಐತೀರ್ಪು. ಸಾಲದು ಅನ್ನಿಸಿದರೆ ಹದಿನೆಂಟರ ಕೆಳಗೆ ಕೋರ್ಟಿಗೆ ಹೋಗಬೇಕಿತ್ತು. 1984ರ ತಿದ್ದುಪಡಿಯಲ್ಲಿ 28ಎ ಅಂತ ಒಂದು ಕಲಂ ಸೇರಿತು. ಒಂದೇ ಅಧಿಸೂಚನೆಯಲ್ಲಿ ಹೊಲ ಹೋದ ಪಕ್ಕದವನು ಕೋರ್ಟಿಗೆ ಹೋಗಿ ಹೆಚ್ಚು ಪರಿಹಾರ ತಂದರೆ, ಕೋರ್ಟಿಗೆ ಹೋಗದವನೂ ಆ ತೀರ್ಪು ತೋರಿಸಿ ತನಗೂ ಅದೇ ಲೆಕ್ಕ ಹಾಕಿ ಅಂತ ಕೇಳಬಹುದಿತ್ತು. ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಈಗ ಯೋಚಿಸಿ. ಬದುವಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಕೋರ್ಟಿನಲ್ಲಿ ಗೆದ್ದ ಸುದ್ದಿ ತಮ್ಮನಿಗೆ ಯಾರು ಹೇಳಬೇಕು? ಮೂರು ತಿಂಗಳು ಮುಗಿಯುವುದರೊಳಗೆ ಅತ್ತಿಗೆ ಮೈದುನನ ಮನೆಗೆ ಹೋಗುತ್ತಾಳಾ, ಇಲ್ಲವಾ? ನನ್ನ ಎರಡನೆಯ ಭಾಗ ಪೂರ್ತಿ ಈ ಪ್ರಶ್ನೆಯ ಮೇಲೆ ನಿಂತಿದೆ.

ಇನ್ನೊಂದು ಓದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಲೇಖನಗಳು. ನವನಗರದ ಯೋಜನೆ ಮಾಡಿದವರು ಅವರೇ. ನಮ್ಮಂಥ ಬಿಸಿಲು ದೇಶದಲ್ಲಿ ಮೇಲೆ ಬಯಲಾಗಿರುವ ಜಾಗವೂ ಒಂದು ಕೋಣೆಯೇ ಅಂತ ಅವರು ಮತ್ತೆ ಮತ್ತೆ ಹೇಳುತ್ತಾರೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ಕೂತ ಹೆಂಗಸರನ್ನು ನೋಡಿ ಬೆಳೆದವರಿಗೆ ಈ ಮಾತು ಬೇಗ ಅರ್ಥ ಆಗುತ್ತದೆ.

ಈಗ ಓದುಗರ ಮಾತಿಗೆ ಬರೋಣ. ಕನ್ನಡ ಪುಸ್ತಕಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಎಷ್ಟೋ ಪುಸ್ತಕಗಳಲ್ಲಿ ಲೇಖಕರ ಫೋನ್ ನಂಬರು ಅಚ್ಚಾಗಿರುತ್ತದೆ. ನನ್ನದೂ ಇದೆ. ಹಾಗಾಗಿ ಭಾನುವಾರ ಊಟವಾದ ಮೇಲೆ ಫೋನ್ ಬಂದೇ ಬರುತ್ತದೆ. "ಅಕ್ಕಾರ, ನಿಮ್ಮ ಪುಸ್ತಕ ಓದಿದೆ ನೋಡ್ರಿ" ಅಂತ ಶುರುವಾದ ಮಾತು ಪುಸ್ತಕದಲ್ಲಿ ನಿಲ್ಲುವುದು ಐದು ನಿಮಿಷ. ಆಮೇಲೆ ಅವರ ಮನೆಯ ಕತೆ.

ಹಾಗೆ ಸೊಲ್ಲಾಪುರದಿಂದ ಒಬ್ಬ ಹಿರಿಯರು ಫೋನ್ ಮಾಡಿದರು. ಅವರ ಹಳ್ಳಿ ಈಗ ನೀರಿನ ಕೆಳಗಿದೆ, ಮಗನ ಮನೆಯಲ್ಲಿದ್ದಾರೆ. ನಾನು ಮನೆ ಬಿಡುವ ಅಧ್ಯಾಯ ಬರೆಯುತ್ತಿದ್ದ ದಿನಗಳವು. ನಿಮ್ಮ ಮನೆಯಿಂದ ಕೊನೆಗೆ ಏನು ತಗೊಂಡು ಹೋದಿರಿ ಅಂತ ಕೇಳಿದೆ. ತೊಲೆ, ಜಂತಿ, ತಲೆಬಾಗಿಲ ಚೌಕಟ್ಟು ಅಂತ ಹೇಳುತ್ತಾ ಹೋದವರು ಹಗೇವಿನ ಹತ್ತಿರ ನಿಂತರು. ಹಗೇವು ನೋಡದವರಿಗೆ ಹೇಳುತ್ತೇನೆ: ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಇರುತ್ತದೆ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಉಸಿರು ಕಟ್ಟಿ ಜೀವ ಹೋಗಬಹುದು. ಮೊದಲು ದೀಪ ಇಳಿಬಿಟ್ಟು ನೋಡಬೇಕು.

ಅವರ ಹಗೇವಿನಲ್ಲಿ ಆಗ ಏನೂ ಇರಲಿಲ್ಲ. ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಊರು ಬಿಡುವ ವಾರ ಅವರ ಅಪ್ಪ ಬಾಯಿ ತೆಗೆಸಿದರಂತೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವುದರೊಳಗೆ ಆರಿತು. ಎರಡು ದಿನ ಬಾಯಿ ತೆರೆದಿಟ್ಟು ಮತ್ತೆ ಇಳಿಬಿಟ್ಟರು. ಉರಿಯಿತು. ಅಪ್ಪ ತಾವೇ ಇಳಿದು, ತಳದ ಗೋಡೆಗೆ ಅಂಟಿದ್ದ ಕಪ್ಪಾದ ಜೋಳ ಒಂದು ಹಿಡಿ ಕೆರೆದು ತಂದರು. ಆಮೇಲೆ ಆ ಹಿರಿಯರು ಒಂದು ಮಾತು ಹೇಳಿದರು. ಮನೆ ಅಳತೆಗೆ ಬಂದವರು ಪಡಸಾಲೆ ಬರೆದುಕೊಂಡರು, ಕಂಬ ಎಣಿಸಿದರು, ಬೆಳಕಿಂಡಿಯನ್ನೂ ನೋಡಿದರು. ಹಗೇವು ಬೀದಿಯ ಕೆಳಗಿತ್ತು. ಅದು ಮನೆಯ ಲೆಕ್ಕಕ್ಕೆ ಬರಲೇ ಇಲ್ಲ.

ಇಂಥದ್ದನ್ನು ನಾನು ಕೂತಲ್ಲೇ ಹುಟ್ಟಿಸಲು ಸಾಧ್ಯವೇ? ಯಾವ ಗ್ರಂಥಾಲಯದಲ್ಲಿ ಹುಡುಕಲಿ? ಮಾರನೆಯ ದಿನ ಇನ್ನಿಬ್ಬರು ಓದುಗರಿಗೆ ಫೋನ್ ಮಾಡಿ ಹಗೇವಿನ ಬಗ್ಗೆಯೇ ಕೇಳಿದೆ. ಒಬ್ಬರು, ಹಗೇವಿನ ಜೋಳದ ರೊಟ್ಟಿಗೆ ಒಂದು ಘಾಟು ಇರುತ್ತೆ, ಅಭ್ಯಾಸ ಇಲ್ಲದವರು ತಿನ್ನಲ್ಲ ಅಂದರು. ಅದೂ ಬಂತು ಕಾದಂಬರಿಯೊಳಗೆ. ನವನಗರಕ್ಕೆ ಬಂದ ಅಜ್ಜಿ ರೇಷನ್ ಜೋಳದ ರೊಟ್ಟಿ ಮುರಿದು ಮೂಸಿ ನೋಡುತ್ತಾಳೆ. ಸೊಲ್ಲಾಪುರದ ಹಿರಿಯರಿಂದ ಅನುಮತಿ ಕೇಳಿಯೇ ಬರೆದಿದ್ದೇನೆ. ಊರು, ಮನೆತನ ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ.

ಹಾಗಾದರೆ ಪುಸ್ತಕ ಓದುಗರದ್ದಾಗಿಬಿಡಲ್ವಾ ಅಂತ ಕೇಳಿದ್ದೀರಿ. ಹಗೇವು ಅವರದ್ದು. ಅದರೊಳಗೆ ಯಾರು ಇಳಿಯಬೇಕು ಅನ್ನುವುದು ನನ್ನದು. ಕಾದಂಬರಿಯಲ್ಲಿ ಇಳಿಯುವುದು ಅಪ್ಪ ಅಲ್ಲ, ಸೊಸೆ. ಯಾಕೆ ಅಂತ ಈಗ ಹೇಳಲ್ಲ. ಬರೆಯುತ್ತಿರುವ ಅಧ್ಯಾಯ ನಾನು ಯಾರಿಗೂ ಕಳಿಸುವುದಿಲ್ಲ, ಎಷ್ಟೇ ಹತ್ತಿರದ ಓದುಗರಿರಲಿ. ಕತೆ ಎತ್ತ ಹೋಗಬೇಕು ಅಂತಲೂ ಕೇಳುವುದಿಲ್ಲ. ಹಿಂದೆ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿದ್ದಾಗ ನಾಯಕಿಯನ್ನು ಸಾಯಿಸಬೇಡಿ ಅಂತ ಓದುಗರು ಕಾಗದ ಬರೆಯುತ್ತಿದ್ದರು. ನನ್ನ ತಾಯಿ ಆ ಪುಟಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿಡುತ್ತಿದ್ದರು. ಅಂಥ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಈಗಲೂ "ಆ ಅಣ್ಣತಮ್ಮಂದಿರನ್ನು ಒಂದು ಮಾಡ್ರಿ ಅಕ್ಕಾರ" ಅನ್ನುವವರಿದ್ದಾರೆ. ಕೇಳಿಸಿಕೊಳ್ಳುತ್ತೇನೆ, ಹೂಂ ಅನ್ನುವುದಿಲ್ಲ.

ಸಮಯ ಹೋಗುತ್ತದೆ, ನಿಜ. ಬೆಳಿಗ್ಗೆ ಫೋನ್ ಮುಟ್ಟುವುದಿಲ್ಲ ಅನ್ನುವ ಒಂದೇ ನಿಯಮ ಸಾಕಾಗಿದೆ.

ಇನ್ನೊಂದು ಕಾರಣವೂ ಇದೆ. ಈ ಕತೆ ಮುಗಿದ ಕತೆ ಅಲ್ಲ. ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.60 ಮೀಟರಿಗೆ. 2010ರಲ್ಲಿ ಕೃಷ್ಣಾ ನದಿ ನೀರಿನ ಹಂಚಿಕೆ ನೋಡುವ ನ್ಯಾಯಮಂಡಳಿ 524.256 ಮೀಟರಿನವರೆಗೆ ಒಪ್ಪಿಗೆ ಕೊಟ್ಟಿತು. ಆ ಎರಡು ಅಂಕಿಗಳ ನಡುವೆ ಮನೆ ಇರುವವರು ಇವತ್ತೂ ಸುಣ್ಣ ಹಚ್ಚಬೇಕೋ ಬೇಡವೋ ಅಂತ ಕೂತಿದ್ದಾರೆ. ಅವರಲ್ಲಿ ಕೆಲವರು ನನ್ನ ಓದುಗರು. ಅವರ ಫೋನ್ ತೆಗೆಯದೆ ಅವರ ಬಗ್ಗೆ ಬರೆಯಲು ನನಗೆ ಮನಸ್ಸು ಬರಲ್ಲ.

ನಿಮ್ಮ ಹೆಸರಿನ ಪಕ್ಕ ವಿಜಯಪುರ ಅಂತ ಇದೆ. ನಿಮ್ಮ ಬಳಗದಲ್ಲಿ ನವನಗರಕ್ಕೆ ಶುರುವಿನಲ್ಲೇ ಹೋದವರು ಯಾರಾದರೂ ಇದ್ದರೆ ಒಂದು ವಿಷಯ ಕೇಳಿ ಹೇಳ್ತೀರಾ? ಗಿಡ ಇಲ್ಲ, ಅಂಗಡಿ ಇಲ್ಲ, ಸಾಲಾಗಿ ಒಂದೇ ಥರದ ಮನೆಗಳು. ಕತ್ತಲಾದ ಮೇಲೆ ಬಸ್ಸಿನಿಂದ ಇಳಿದವರು ತಮ್ಮ ಮನೆಯನ್ನು ಹೇಗೆ ಗುರುತು ಹಿಡಿಯುತ್ತಿದ್ದರು? ಬಾಗಿಲ ಬಣ್ಣವೋ, ಹಳೇ ಮನೆಯಿಂದ ತಂದ ಚೌಕಟ್ಟೋ, ಬೇರೇನಾದರೂ ಇತ್ತಾ? ಮೂರನೆಯ ಭಾಗದಲ್ಲಿ ನಾನು ಅಲ್ಲೇ ನಿಂತಿದ್ದೇನೆ.