ಗಣಿತದಲ್ಲಿ ಹಿಂದೆ ಬಿದ್ದ ಮಗನಿಗೆ ಟ್ಯೂಷನ್ ಬೇಕೇ?

ಪ್ರಶ್ನೆ: ಮಗ ಮುಂಬಯಿಯ ಮುನ್ಸಿಪಾಲ್ಟಿ ಶಾಲೆಯಲ್ಲಿ, ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಉಳಿದ ವಿಷಯಗಳಲ್ಲಿ ಪರವಾಗಿಲ್ಲ. ಮೊದಲ ಸತ್ರದ ಬೀಜಗಣಿತದಲ್ಲಿ ಮಾತ್ರ 40ಕ್ಕೆ 9 ಅಂಕ ಬಂದಿದೆ. ನಾನು ಹೋಟೆಲ್ ಕೆಲಸದವನು, ಮನೆ ಸೇರುವಾಗ ರಾತ್ರಿಯಾಗುತ್ತದೆ. ಇಂಗ್ಲಿಷಿನಲ್ಲಿ ಕಲಿಸುವ ಕ್ಲಾಸಿಗೆ ಸೇರಿಸಿ ಎಂದು ನೆರೆಯವರು ಹೇಳುತ್ತಾರೆ. ಸೇರಿಸಲೇ?
– ಓದುಗರೊಬ್ಬರು, ಘಾಟ್‌ಕೋಪರ್

ಉತ್ತರ: ಮಾನ್ಯರೇ, ಈಗಲೇ ಸೇರಿಸಬೇಡಿ. ಮೊದಲು ಶಾಲೆಗೆ ಹೋಗಿ ಗಣಿತದ ಶಿಕ್ಷಕರ ಎದುರು ಮಗನ ಉತ್ತರಪತ್ರಿಕೆಯನ್ನು ಬಿಡಿಸಿ ನೋಡಿ. ಒಂಬತ್ತು ಅಂಕ ಎಂಬುದರಿಂದ ಏನೂ ತಿಳಿಯುವುದಿಲ್ಲ, ಲೆಕ್ಕ ಯಾವ ಸಾಲಿನಲ್ಲಿ ಕೆಟ್ಟಿತು ಎಂಬುದರಿಂದ ಬಹಳಷ್ಟು ತಿಳಿಯುತ್ತದೆ. x/2 + x/3 = 5 ಎಂಬ ಸಮೀಕರಣದಲ್ಲಿ ಎಡಬದಿಯನ್ನು ಕೂಡಿಸಿ 5x/6 ಎಂದು ಬರೆದ ವಿದ್ಯಾರ್ಥಿಗೆ x = 6 ಎಂಬ ಉತ್ತರ ಸುಲಭವಾಗಿ ಸಿಗುತ್ತದೆ; ಅದೇ ಜಾಗದಲ್ಲಿ 2x/5 ಎಂದು ಬರೆದವನಿಗೆ ಬೀಜಗಣಿತ ಬರುವುದಿಲ್ಲ ಎನ್ನುವುದು ಸರಿಯಲ್ಲ, ಅವನಿಗೆ ಕೆಳಗಿನ ತರಗತಿಯ ಭಿನ್ನರಾಶಿ ಬಂದಿಲ್ಲ. ಋಣಸಂಖ್ಯೆಗಳ ಗೊಂದಲವೂ ಹೀಗೆಯೇ. ನನ್ನ ಅನುಭವದಲ್ಲಿ ಬೀಜಗಣಿತಕ್ಕೆ ಹೆದರುವ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಈ ಎರಡು ಕಡೆ.

ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಒಂಬತ್ತರ ಪಾಠವನ್ನೇ ಇನ್ನೊಮ್ಮೆ, ಇನ್ನಷ್ಟು ವೇಗವಾಗಿ ಮಾಡುತ್ತಾರೆ. ಮೇಲಾಗಿ ಶಾಲೆಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನು ಸಂಜೆ ಇಂಗ್ಲಿಷಿನಲ್ಲಿ ಕೇಳುವ ಹುಡುಗನಿಗೆ ಎರಡು ಪಟ್ಟು ಕೆಲಸ. ಅದರ ಬದಲು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಆರು, ಏಳನೆಯ ತರಗತಿಯ ಗಣಿತ ಪುಸ್ತಕಗಳನ್ನು ತೆಗೆದುಕೊಡಿ. ಅವು ಕನ್ನಡದಲ್ಲಿಯೇ ಇವೆ, ಇ-ಬಾಲಭಾರತಿ ಜಾಲತಾಣದಿಂದ ಮೊಬೈಲಿಗೂ ಇಳಿಸಿಕೊಳ್ಳಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಬಿಡಿಸಿದ ಲೆಕ್ಕವನ್ನು ಓದಿ ತಲೆಯಾಡಿಸುವುದು ಅಭ್ಯಾಸವಲ್ಲ. ಪುಸ್ತಕ ಮುಚ್ಚಿ ಬರೆಯಬೇಕು, ತಪ್ಪಿದ್ದನ್ನು ಗುರುತು ಹಾಕಿ ಎರಡು ದಿನ ಬಿಟ್ಟು ಮತ್ತೆ ಬರೆಯಬೇಕು. ನಿಮಗೆ ಗಣಿತ ಬಾರದಿದ್ದರೂ ಚಿಂತೆಯಿಲ್ಲ. ರಜೆಯ ದಿನ ಆ ಗುರುತುಗಳನ್ನು ತೋರಿಸೆನ್ನಿ, ಬೈಯದೆ ನೋಡಿ.

ಹತ್ತನೆಯ ತರಗತಿಯ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಬೀಜಗಣಿತ ಮತ್ತು ಭೂಮಿತಿಗೆ (ರೇಖಾಗಣಿತ) ತಲಾ 40 ಅಂಕಗಳ ಪತ್ರಿಕೆಗಳಿದ್ದು, ಉಳಿದ 20 ಅಂಕಗಳು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಸೇರಿವೆ. ಆದ್ದರಿಂದ ವಹಿ (ನೋಟ್‌ಬುಕ್) ಪೂರ್ತಿ ಮಾಡುವುದನ್ನು ಹಗುರವಾಗಿ ಕಾಣಬಾರದು. ಎರಡು ತಿಂಗಳು ಹೀಗೆ ನಡೆಸಿದ ಮೇಲೂ ಭಿನ್ನರಾಶಿ ಕೈಗೆ ಹತ್ತದಿದ್ದರೆ ಆಗ ಟ್ಯೂಷನ್ ಹುಡುಕಿ, ಆದರೆ ಮೂವತ್ತು ಮಕ್ಕಳ ಕ್ಲಾಸು ಬೇಡ. ನಿಮ್ಮ ಬಡಾವಣೆಯಲ್ಲಿ ಕನ್ನಡದಲ್ಲಿ ಹೇಳಿಕೊಡಬಲ್ಲ ಕಾಲೇಜು ವಿದ್ಯಾರ್ಥಿಯೊಬ್ಬರು ಸಿಕ್ಕರೆ ಅದೇ ಮೇಲು.